ಬಾದಾಮಿಯ ಗುಡ್ಡ ಮತ್ತು 57 ಮೀಟರ್

ಬಾದಾಮಿ ರೈಲ್ವೆ ಸ್ಟೇಷನ್ನಿನಿಂದ ಊರಿಗೆ ಸುಮಾರು 5 ಕಿಲೋಮೀಟರ್. ಹೋದವರಿಗೆ ಗೊತ್ತು, ರೈಲು ಇಳಿದ ಮೇಲೂ ಬಾದಾಮಿ ಬಂದಿರುವುದಿಲ್ಲ. ಟಾಂಗಾನೋ ಆಟೋನೋ ಹಿಡಿಯಬೇಕು. ಈ 5 ಕಿಲೋಮೀಟರನ್ನು 87ರಿಂದ ಭಾಗಿಸಿದರೆ 57 ಮೀಟರ್ ಚಿಲ್ಲರೆ ಬರುತ್ತದೆ. ಸುಲ್ತಾನ್ ಬಜಾರಿನ ನಮ್ಮ ಮನೆಯಿಂದ 57 ಮೀಟರ್ ಅಂದರೆ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಗಲ್ಲಿ ಮುಗಿಸಿ, ಬಳೆ ಅಂಗಡಿಗಳ ಸಾಲಿನಲ್ಲಿ ಮೂರನೆಯದು. ಅಳತೆಗೆ ನಿಯತ್ತಾಗಿ ಇರುವುದಾದರೆ ನನ್ನ ಸ್ಟೇಷನ್ ಮನೆಯೊಳಗೆ, ಗುಹೆಗಳಿರುವ ಕೆಂಪು ಗುಡ್ಡ ಬಳೆ ಅಂಗಡಿಯೊಳಗೆ. ಒಂದೂವರೆ ವರ್ಷದಿಂದ ನಮ್ಮಲ್ಲಿ ನಡೆದಿರುವ ಜಗಳಕ್ಕೆ ಮೂಲ ಇದೇ.

ನಾವು ಎಂದರೆ ನಾಲ್ಕು ಜನ. ನಾನು; ಅವ್ವ ತೀರಿಕೊಂಡ ಮೇಲೆ ಊರು ಬಿಟ್ಟು ನನ್ನ ಜೊತೆ ಬಂದಿರುವ ಅಪ್ಪ; ಕಾಚಿಗುಡದಲ್ಲಿರುವ, ಮೀಟರ್ ಗೇಜಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ, ಬೀದರ್ ಕಡೆಯ ಕಾಕಾ; ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗ. ಒಬ್ಬರಿಗೊಬ್ಬರು ಪರಿಚಯವಾದದ್ದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ. ಭಾನುವಾರ ಸೇರುತ್ತೇವೆ. ಗೋಡೆಗೆ ಒರಗಿಸಿಟ್ಟ 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಹಲಗೆ ಆ ದಿನ ಮಂಚದ ಮೇಲೆ ಇಳಿಯುತ್ತದೆ. ಅದರ ಮೇಲೆ ಗದಗ–ಹೊಟಗಿ ಮಾರ್ಗದ ಹಳೆಯ ಮೀಟರ್ ಗೇಜ್ ಬಾದಾಮಿ ಸ್ಟೇಷನ್ನು.

ಆ ಮಾರ್ಗ ಪೂರ್ತಿಯಾಗಿ ಬ್ರಾಡ್ ಗೇಜ್ ಆದದ್ದು 2008ರ ಹೊತ್ತಿಗೆ. ಈಗ ಹೋದರೆ ಎತ್ತರದ ಪ್ಲಾಟ್‌ಫಾರ್ಮು, ಉದ್ದನೆಯ ರೈಲು. ನಾನು ಕಟ್ಟುತ್ತಿರುವುದು ನೆಲಮಟ್ಟದ ಪ್ಲಾಟ್‌ಫಾರ್ಮಿನದು, ರೈಲು ಹತ್ತಬೇಕಾದರೆ ಅಜ್ಜಿಯರನ್ನು ಕೆಳಗಿನಿಂದ ತಳ್ಳಬೇಕಾಗಿದ್ದ ಕಾಲದ್ದು.

ಗುಡ್ಡದ ಪ್ರಶ್ನೆ ಎತ್ತಿದವರು ಅಪ್ಪ. ಸ್ಟೇಷನ್ ಕಟ್ಟಡ, ಬೇವಿನ ಮರ, ನೀರಿನ ತೊಟ್ಟಿ ಎಲ್ಲ ಆದ ಮೇಲೆ ಕನ್ನಡಕ ಹಣೆಗೇರಿಸಿ ನೋಡಿದರು. "ಗುಡ್ಡ ಎಲ್ಲೈತಿ?" ಹುಡುಗ ವಿನಯದಿಂದಲೇ ಹೇಳಿದ: "ಅಂಕಲ್, ಸ್ಟೇಷನ್ನಿಂದ ಆ ಗುಡ್ಡ ಕಾಣಲ್ಲ. ಅದನ್ನ ಇಲ್ಲಿ ಇಟ್ರೆ ಸುಳ್ಳಾಗುತ್ತೆ." ಅಪ್ಪ ನನ್ನ ಕಡೆ ತಿರುಗಿದರು. "ಗುಡ್ಡ ಇಲ್ಲದ್ದು ಎಂಥಾ ಬಾದಾಮಿಲೇ? ಬೋರ್ಡ್ ತಗದ್ರ ಅದು ಯಾವ ಸ್ಟೇಷನ್ನರ ಆಗ್ತದ."

ಇಬ್ಬರ ಮಾತೂ ನಿಜ. ಮಾದರಿ ರೈಲಿನ ಹುಚ್ಚು ಹತ್ತಿದ ಕಡೆಯಲ್ಲೆಲ್ಲ ಈ ಎರಡು ಪಂಗಡಗಳಿವೆ. ಒಬ್ಬರಿಗೆ ರಿವೆಟ್ ಎಷ್ಟಿದ್ದವು ಎಂದು ಎಣಿಸದಿದ್ದರೆ ನಿದ್ದೆ ಬರದು; ಇನ್ನೊಬ್ಬರಿಗೆ ರೈಲು ಓಡಿದರೆ ಸಾಕು, ಖುಷಿ. ಮೊದಲಿನವರು ಎರಡನೆಯವರನ್ನು ಆಟಿಕೆಯವರು ಅನ್ನುತ್ತಾರೆ, ಎರಡನೆಯವರು ಮೊದಲಿನವರನ್ನು ರಸ ಕೆಡಿಸುವವರು ಅನ್ನುತ್ತಾರೆ.

ಆದರೆ ಅಳತೆಯವರು ಹೇಳುವಷ್ಟು ಈ ಕಸುಬು ಎಂದೂ ಶುದ್ಧವಾಗಿರಲಿಲ್ಲ. ಎಚ್‌ಒ ಎಂದು ಕರೆಯುವ 1:87 ಅಳತೆಯ ಹಳಿಯ ಅಗಲ 16.5 ಮಿಲಿಮೀಟರ್. ಅದು ಯುರೋಪು, ಅಮೆರಿಕಗಳ 1435 ಮಿಲಿಮೀಟರಿನ ನಿಜ ಹಳಿಗೆ ಸರಿಯಾಗಿ ಕೂರುತ್ತದೆ. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು. ನೂರು ವರ್ಷದ ಹಿಂದಿನ ಮೋಟಾರು 1:87ರ ಬ್ರಿಟಿಷ್ ಎಂಜಿನ್ನಿನ ಹೊಟ್ಟೆಗೆ ಹಿಡಿಯುತ್ತಿರಲಿಲ್ಲ. ಅವರು ಎಂಜಿನ್ನನ್ನು 1:76ಕ್ಕೆ ಉಬ್ಬಿಸಿದರು, ಹಳಿಯನ್ನು ಮಾತ್ರ ಅದೇ 16.5ರಲ್ಲಿ ಬಿಟ್ಟರು. ನಿಜದ ಲೆಕ್ಕದಲ್ಲಿ ಅದು 18.83 ಮಿಲಿಮೀಟರ್ ಇರಬೇಕಿತ್ತು. ಅಂದಿನಿಂದ ಇಂದಿನವರೆಗೆ ಬ್ರಿಟನ್ನಿನ ಮಾದರಿ ರೈಲುಗಳಲ್ಲಿ ಬಹುಪಾಲು ಕಾಲು ಜೋಡಿಸಿಕೊಂಡು ನಡೆಯುವ ಮದುಮಗಳ ಹಾಗೆ ಓಡುತ್ತಿವೆ. 18.83ರ ಹಳಿಯನ್ನು ಕೈಯಲ್ಲೇ ಜೋಡಿಸಿಕೊಳ್ಳುವ ವ್ರತಸ್ಥರೂ ಅಲ್ಲಿದ್ದಾರೆ. ಜಪಾನಿನಲ್ಲಿ ಇದರ ತಿರುಗುಮುರುಗು. ಅವರ ಹಳೆಯ ಮಾರ್ಗಗಳ ನಿಜ ಅಗಲ 1067 ಮಿಲಿಮೀಟರ್. 1:150ರ ಮಾದರಿಗೆ 7 ಮಿಲಿಮೀಟರ್ ಸಾಕು, ಓಡಿಸುವುದು 9ರ ಮೇಲೆ.

ನಮ್ಮ ದೇಶದ ಬ್ರಾಡ್ ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.26. ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ, ಎಲ್ಲರೂ 16.5ರ ಮೇಲೆಯೇ ಓಡಿಸುತ್ತಾರೆ. ತಮಾಷೆ ಏನೆಂದರೆ, ಆ 16.5ರ ಹಳಿಗೆ ಅಳತೆಯಲ್ಲಿ ಪಕ್ಕಾ ಹೊಂದುವ ರೈಲೊಂದು ನಮ್ಮ ತಲೆಯ ಮೇಲೆಯೇ ಹೋಗುತ್ತದೆ. ಹೈದರಾಬಾದ್ ಮೆಟ್ರೋದ್ದು 1435ರ ಗೇಜು. ವ್ಯಾಪಾರಿಗಳು ವರ್ಷಗಟ್ಟಲೆ ವಿರೋಧಿಸಿದ ಮೇಲೂ ಅದು ಸುಲ್ತಾನ್ ಬಜಾರಿನ ಮೇಲೆ ಹಾದು, 2020ರ ಫೆಬ್ರುವರಿಯಲ್ಲಿ ಓಡಾಟ ಶುರುಮಾಡಿತು. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಅದರ ಮಾದರಿ ಮಾಡುವ ಆಸೆ ಹುಟ್ಟಿಲ್ಲ.

ಮೀಟರ್ ಗೇಜಿನವರ ಪುಣ್ಯ ಸ್ವಲ್ಪ ಚೆನ್ನಾಗಿದೆ. 1000 ಮಿಲಿಮೀಟರ್ ಭಾಗಿಸು 87, ಹನ್ನೊಂದೂವರೆ. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ ಮೀಟರ್ ಗೇಜಿನದು, ಅದರ ಮಾದರಿಗಳು 12 ಮಿಲಿಮೀಟರ್ ಹಳಿಯ ಮೇಲೆ ಓಡುತ್ತವೆ. ಅರ್ಧ ಮಿಲಿಮೀಟರ್ ಹೆಚ್ಚು. ಜರ್ಮನಿಯಲ್ಲಿರುವ ಸೋದರಮಾವನ ಮಗ ಸೆಕೆಂಡ್ ಹ್ಯಾಂಡಿನಲ್ಲಿ ಅಂಥದೊಂದು ಎಂಜಿನ್ ತಂದುಕೊಟ್ಟ. ಅದರ ಮೇಲ್ಭಾಗ ಕಳಚಿ ಪ್ಲಾಸ್ಟಿಕ್ ಹಾಳೆಯಲ್ಲಿ ನಮ್ಮ ವೈಡಿಎಂ-4 ಡೀಸೆಲ್ಲಿನ ದೇಹ ಮಾಡಿ ಕೂರಿಸಿದೆ. ದೀಪದ ಎಲ್‌ಇಡಿ, ವೈರು, 12 ವೋಲ್ಟಿನ ಅಡಾಪ್ಟರು ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಕ್ಕವು. ಓಡಿತು. ಹುಡುಗ ಬಗ್ಗಿ ನೋಡಿ, "ಸರ್, ವೈಡಿಎಂ-4ಕ್ಕೆ ಆರು ಆಕ್ಸಲ್. ಇದಕ್ಕೆ ನಾಲ್ಕೇ ಇದೆ" ಎಂದ. ನನಗೆ ಗೊತ್ತಿತ್ತು. ಬದಿಗೆ ಕಪ್ಪು ಪಟ್ಟಿ ಅಂಟಿಸಿ ಮುಚ್ಚಿದ್ದೂ ಅದಕ್ಕೇ.

ಕಾಕಾನಿಗೆ ಆಕ್ಸಲ್ಲೂ ಬೇಡ, ಗುಡ್ಡವೂ ಬೇಡ. ಅವರ ತಕರಾರೇ ಬೇರೆ. "ಸಿಂಗಲ್ ಲೈನಿನ್ಯಾಗ ಟೋಕನ್ ಇಲ್ದ ಗಾಡಿ ಹ್ಯಾಂಗ ಬಿಡ್ತೀರಿ? ಎದುರಿಂದ ಇನ್ನೊಂದು ಬಂದ್ರ?" ನಮ್ಮ ಹಲಗೆಯ ಮೇಲೆ ಇರುವುದೇ ಒಂದು ಎಂಜಿನ್ನು, ಎದುರಿಂದ ಬರುವುದಕ್ಕೆ ಏನೂ ಇಲ್ಲ. ಆದರೂ ಮುಂದಿನ ವಾರ ಬಜಾರಿನಿಂದ ಒಂದು ಗಾಜಿನ ಬಳೆ ತಂದರು. ಬೆತ್ತದ ಬಳೆಯಲ್ಲಿ ಟೋಕನ್ ಚೀಲ ಸಿಕ್ಕಿಸಿ ಡ್ರೈವರಿಗೆ ಕೊಡುತ್ತಿದ್ದ ದಿನಗಳನ್ನು ಕಂಡವರು ಅವರು. ಈಗ ಕಾಕಾ ಬಳೆ ಕೈಗೆ ಕೊಡುವ ತನಕ ಅಪ್ಪ ರೆಗ್ಯುಲೇಟರಿನ ಗುಬ್ಬಿ ತಿರುಗಿಸುವಂತಿಲ್ಲ. ಬೋಗಿಗಳ ಬಣ್ಣ ಎಂಥದ್ದಾದರೂ ಸರಿ, ಆದರೆ ಮೇಲೆ ದಕ್ಷಿಣ ಮಧ್ಯ ರೈಲ್ವೆ ಅಂತಲೇ ಬರೆಯಬೇಕು ಎಂಬುದು ಅವರ ಇನ್ನೊಂದು ಹಟ. 2003ರಲ್ಲಿ ನೈರುತ್ಯ ರೈಲ್ವೆ ಆಗುವ ತನಕ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ಕೈಕೆಳಗೇ ಇತ್ತಲ್ಲ. "ಬಾದಾಮಿ ನಮ್ದೇ ಇತ್ತು" ಅನ್ನುವಾಗ ಅವರ ದನಿಯಲ್ಲಿ ಸಣ್ಣ ಹೆಮ್ಮೆ.

ಹೀಗೆ ನೋಡಿದರೆ ಕಾಕಾ ಯಾವ ಪಂಗಡ? ಅಳತೆ ಕೇಳದವರು, ಆದರೆ ನಿಯಮ ಬಿಡದವರು. ನನ್ನ ಅನುಮಾನ ಇಷ್ಟೇ: ಪ್ರತಿಯೊಬ್ಬರೂ ಮೇಜಿನ ಮೇಲಿನ ನೂರು ಸುಳ್ಳು ತಡೆದುಕೊಳ್ಳುತ್ತಾರೆ, ಒಂದನ್ನು ಮಾತ್ರ ತಡೆಯಲಾರರು. ಮೀಟರ್ ಗೇಜಿನ ಒಂದು ಬೋಗಿ ಹತ್ತೊಂಬತ್ತೂವರೆ ಮೀಟರ್ ಉದ್ದ. ಮೇಜಿನ ಮೇಲೆ 22 ಸೆಂಟಿಮೀಟರ್. ಹತ್ತು ಬೋಗಿ ಜೋಡಿಸಿದರೆ ಹಲಗೆ ಸಾಲದು. ಮೂರೇ ಬೋಗಿ ಓಡಿಸುತ್ತೇವೆ. ಗುಡ್ಡವನ್ನು ಸುಳ್ಳು ಅನ್ನುವ ಹುಡುಗನೂ ಇದನ್ನು ಸುಮ್ಮನೆ ಒಪ್ಪಿಕೊಂಡ.

ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ, 1998ರಲ್ಲಿ ತೆರೆದದ್ದು. ಭಾವುಸಾಹೇಬ ಜೋಶಿಯವರು ಕಟ್ಟಿದ್ದು ಯಾವ ಊರಿನ ನಕಲೂ ಅಲ್ಲ. ಸರ್ಕಸ್ಸು, ಈಜುಕೊಳ, ಫ್ಲೈಓವರು ಎಲ್ಲ ಇರುವ ಕಲ್ಪನೆಯ ನಗರ. ಅಮೆರಿಕದ ಜಾನ್ ಆಲೆನ್ ಅಂತೂ ತನ್ನ ರೈಲುಮಾರ್ಗಕ್ಕೆ 'ಗೋರಿ ಅಂಡ್ ಡಿಫೀಟೆಡ್' ಎಂದು ಹೆಸರಿಟ್ಟು, ಬೋಗಿ ತಳ್ಳಲು ಎಂಜಿನ್ನಿನ ಜಾಗದಲ್ಲಿ ಒಂದು ಡೈನೋಸಾರನ್ನೇ ನಿಲ್ಲಿಸಿದ್ದ. ಅವನಷ್ಟು ಕುಶಲಿಗಳು ಆ ಕಾಲದಲ್ಲಿ ಕಡಿಮೆ. 1973ರಲ್ಲಿ ಅವನು ಸತ್ತ ಕೆಲವೇ ದಿನಕ್ಕೆ ಅದೆಲ್ಲ ಬೆಂಕಿಗೆ ಹೋಯಿತು. ಇವನ್ನೆಲ್ಲ ಹೇಳಿ ನಾನು ಅಪ್ಪನ ಗುಡ್ಡಕ್ಕೆ ವಕಾಲತ್ತು ವಹಿಸಿದೆ.

ಹುಡುಗ ಒಪ್ಪಲಿಲ್ಲ. ಅವನು ತಂದ ಉದಾಹರಣೆ ಇಂಗ್ಲೆಂಡಿನ ಪೆಂಡನ್ ಮ್ಯೂಸಿಯಂ. ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯಾದವನೊಬ್ಬ ಅಲ್ಲಿಗೆ ಬಂದು, ಹಳ್ಳಿಯ ಹುಲ್ಲು ಹೊದಿಕೆಯ ಮನೆಗಳು ಕಣ್ಣೆದುರೇ ಬದಲಾಗುವುದನ್ನು ಕಂಡು, ಇದ್ದದ್ದನ್ನು ಇದ್ದ ಹಾಗೆ ಮಾದರಿಯಲ್ಲಿ ಉಳಿಸಲು ಜೀವನ ಕಳೆದ. "ಸರ್, ಆ ಅಮೆರಿಕದವನದು ಇಲ್ಲದ ಊರು, ಹೇಗೆ ಬೇಕಾದ್ರೂ ಮಾಡಬಹುದು. ನಿಮ್ಮ ಸ್ಟೇಷನ್ ಇತ್ತು, ಈಗ ಇಲ್ಲ. ನಾಳೆ ಯಾರಾದ್ರೂ ಇದನ್ನ ನೋಡಿ ಬಾದಾಮಿ ಸ್ಟೇಷನ್ ಪಕ್ಕದಲ್ಲೇ ಗುಹೆ ಇತ್ತು ಅಂದ್ಕೊಂಡ್ರೆ, ಹೋಗಿ ನೋಡಿ ತಿದ್ಕೊಳ್ಳೋಕೆ ಹಳೇ ಸ್ಟೇಷನ್ ಎಲ್ಲಿದೆ?" ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಪ್ಲಾಟ್‌ಫಾರ್ಮಿನ ಅಳತೆ ಎಲ್ಲಿಂದ ಸಿಕ್ಕಿತು ಅನ್ನುವುದನ್ನು ಹೇಳಬೇಕು. ನಮ್ಮಲ್ಲಿರುವುದು ಒಂದೇ ಫೋಟೊ, 1986ರದ್ದು, ಕಪ್ಪು ಬಿಳುಪು. ಹಳಿಯ ಪಕ್ಕದಲ್ಲೇ ಅವ್ವ ನಿಂತಿದ್ದಾಳೆ, ಕಂಕುಳಲ್ಲಿ ನನ್ನ ತಂಗಿ, ಹಿಂದೆ ಸ್ಟೇಷನ್ನು. ಹುಡುಗ ಆ ಫೋಟೊವನ್ನು ಸ್ಕ್ಯಾನ್ ಮಾಡಿಕೊಂಡು ಹೋದ. ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್ ಎಂದು ಗೊತ್ತಿರುವುದರಿಂದ, ದೂರ ಹೋದಂತೆ ಅದು ಎಷ್ಟು ಕಿರಿದಾಗುತ್ತದೆ ಎಂದು ಲೆಕ್ಕ ಹಾಕಿ, ಕಿಟಕಿಯ ಎತ್ತರ, ಕಂಬದ ಎತ್ತರ ಎಲ್ಲ ತೆಗೆದ. ಎರಡು ವಾರ ಬಿಟ್ಟು ಒಂದು ಹಾಳೆ ತಂದು ನನ್ನ ಕೈಗಿಟ್ಟ. ಕಿಟಕಿ, ಬಾಗಿಲು, ಬೋರ್ಡು, ತೊಟ್ಟಿ. ಕೊನೆಯ ಸಾಲಿನಲ್ಲಿ: ಅಮ್ಮ, 151 ಸೆಂಟಿಮೀಟರ್, ಮಾದರಿಯಲ್ಲಿ 17.4 ಮಿಲಿಮೀಟರ್.

ಹಾಳೆಯನ್ನು ಅಪ್ಪನಿಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ ಬಾಗಿಲ ಚೌಕಟ್ಟಿನ ಪಕ್ಕ ನಿಂತು, ತಮ್ಮ ಭುಜದ ಹತ್ತಿರ ಕೈ ಇಟ್ಟು, "ಇಷ್ಟಿದ್ಲು" ಎಂದರು. ಹುಡುಗ ಟೇಪು ಹಿಡಿದ. 150. "ಒಂದು ಸೆಂಟಿಮೀಟರ್ ಚಪ್ಪಲಿದು" ಎಂದು ಅಪ್ಪ ಅಂದರು. ಅವತ್ತು ಅಳತೆಯ ಬಗ್ಗೆ ಅವರು ಗೊಣಗಲಿಲ್ಲ. ಚಹಾ ತಾವೇ ಮಾಡಿ ತಂದರು.

ಅದಾದ ಮೇಲೆ ಗುಡ್ಡದ ಜಗಳಕ್ಕೆ ಒಂದು ಒಪ್ಪಂದವಾಯಿತು, ಯಾರಿಗೂ ಪೂರ್ತಿ ಇಷ್ಟವಿಲ್ಲದ್ದು. ಗುಡ್ಡ ಬೇರೆ ಹಲಗೆಯ ಮೇಲೆ. ಥರ್ಮಾಕೋಲು ಕೊರೆದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದು, ಗೇರು ಮಣ್ಣಿನ ಬಣ್ಣ ಕೊಟ್ಟೆ. ಗುಹೆಗಳನ್ನು ಅಪ್ಪ ಚಾಕುವಿನಿಂದ ತೋಡಿದರು. ಅದನ್ನು ಸ್ಟೇಷನ್ನಿನ ಹಲಗೆಗೆ ಅಂಟಿಸುವಂತಿಲ್ಲ, ನಡುವೆ ಒಂದು ಗೇಣು ಖಾಲಿ ಬಿಡಬೇಕು. ಆ ಒಂದು ಗೇಣೇ 57 ಮೀಟರ್ ಎಂದು ತಿಳಿಯತಕ್ಕದ್ದು. ಹುಡುಗ ಫೋಟೊ ತೆಗೆಯುವಾಗ ಗುಡ್ಡವನ್ನು ಎತ್ತಿ ಮಂಚದ ಕೆಳಗೆ ಇಡುತ್ತಾನೆ. ಅವನು ಹೋದ ಮೇಲೆ ಅಪ್ಪ ಅದನ್ನು ಹೊರಗೆಳೆದು, ಖಾಲಿ ಬಿಟ್ಟ ಗೇಣನ್ನೂ ಮುಚ್ಚಿ, ಸ್ಟೇಷನ್ನಿಗೆ ಒತ್ತರಿಸಿ ಇಡುತ್ತಾರೆ. ಇಬ್ಬರಿಗೂ ಇನ್ನೊಬ್ಬರ ಕೆಲಸ ಗೊತ್ತು.

ಅವ್ವನ ಗೊಂಬೆ ಆಗಿದೆ. ಜರ್ಮನಿಯಿಂದ ಬಂದ 1:87ರ ಗೊಂಬೆಗಳಲ್ಲಿ ಒಬ್ಬಳ ಸ್ಕರ್ಟಿಗೆ ಟಿಶ್ಯೂ ಕಾಗದ ಅಂಟಿಸಿ ಸೀರೆ ಉಡಿಸಿದ್ದು ನನ್ನ ಹೆಂಡತಿ. ಬಣ್ಣ ಮಾತ್ರ ಹಚ್ಚಿಲ್ಲ. ಇಳಕಲ್ ಸೀರೆ, ಸೆರಗು ಕೆಂಪು, ಅಷ್ಟು ಎಲ್ಲರಿಗೂ ಒಪ್ಪಿಗೆ. ಒಡಲು ಹಸಿರು ಅಂತ ಅಪ್ಪ ಮೊದಲು ಹೇಳಿದರು, ಮುಂದಿನ ವಾರ ನೀಲಿ ಅಂದರು. ಊರಿಗೆ ಫೋನು ಹಚ್ಚಿ ತಂಗಿಯನ್ನು ಕೇಳಿದರೆ, ಆಗ ನನಗೆ ವರ್ಷ ತುಂಬಿರಲಿಲ್ಲ ಅಣ್ಣಾ ಎಂದು ನಕ್ಕಳು. ಕಪ್ಪು ಬಿಳುಪಿನ ಫೋಟೊದಿಂದ ಬಣ್ಣ ಅಳೆಯುವ ಲೆಕ್ಕ ಹುಡುಗನ ಹತ್ತಿರವೂ ಇಲ್ಲ. ಗೊಂಬೆ ಸದ್ಯಕ್ಕೆ ಬೂದು ಬಣ್ಣದಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದೆ.

ಈ ನಡುವೆ ಅಪ್ಪನಿಗೆ ಟಾಂಗಾ ಬೇಕಾಗಿದೆ. ಗಾಡಿಯನ್ನು ಬೆಂಕಿಕಡ್ಡಿ ಮತ್ತು ಅಂಗಿಯ ಗುಂಡಿಯಿಂದ ಮಾಡಿಯಾಯಿತು. 1:87ರ ಕುದುರೆಯೂ ಜರ್ಮನಿಯದೇ, ಅಲ್ಲಿ ಬಿಯರ್ ಪೀಪಾಯಿ ಎಳೆಯುವ ಜಾತಿಯದು, ಕಾಲು ಕಂಬದ ಹಾಗಿವೆ. ಬಾದಾಮಿಯ ಟಾಂಗಾದ ಕುದುರೆಗೆ ಪಕ್ಕೆಲುಬು ಎಣಿಸಬಹುದಿತ್ತು ಎಂದು ಅಪ್ಪ, ಇದನ್ನು ಕಟ್ಟಿದರೆ ಸವಾರಿ ಹತ್ತುವವರೇ ಹೆದರುತ್ತಾರೆ ಎಂದು ಕಾಕಾ. ಹುಡುಗ ಈಗ ಮೂರು ಭಾನುವಾರದಿಂದ ಕಿಟಕಿಯ ಬೆಳಕಿಗೆ ಕೂತು, ಸಣ್ಣ ಅರದಿಂದ ಅದರ ಕಾಲುಗಳನ್ನು ಉಜ್ಜುತ್ತಿದ್ದಾನೆ. ಮೂರು ಕಾಲು ಮುಗಿದಿವೆ.