ಬಾನೆಟ್ ಎತ್ತುವ ಚಟ

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕಾರಿನ ಬಾನೆಟ್ ಎತ್ತಿ ಸುಮ್ಮನೆ ನೋಡುತ್ತ ನಿಲ್ಲುವುದು ನನ್ನ ಚಟ. ಆಯಿಲ್, ಬ್ಯಾಟರಿ ಎಲ್ಲ ನೆಪಕ್ಕೆ. ಕಣ್ಣು ಹೋಗುವುದು ಮೂಲೆಯ ಪ್ಲಾಸ್ಟಿಕ್ ಡಬ್ಬಿಗೆ. ಹಸಿರು ಕೂಲೆಂಟು ಎರಡು ಗೆರೆಗಳ ನಡುವೆ ನಿಂತಿದ್ದರೆ ಆಮೇಲಿನ ಕಾಫಿ ರುಚಿಸುತ್ತದೆ.

ಪಕ್ಕದ ಮನೆಯ ರಾಯರಿಗೆ ಈ ಕೂಲೆಂಟು ದುಂದು. "ನಮ್ಮೂರಲ್ಲೇನು ಹಿಮ ಬೀಳುತ್ತಾ ಸ್ವಾಮಿ? ಬೋರ್ ನೀರು ಹಾಕಿ, ಸಾಕು." ಅಂಬಾಸಡರ್ ಕಾಲದವರು; ಘಾಟಿಯಲ್ಲಿ ಹಬೆ ಉಗುಳುತ್ತ ನಿಂತ ಗಾಡಿಗೆ ಹಳ್ಳದ ನೀರು ಮೊಗೆದು ಹೊಯ್ದವರು. ಅವರ ಮಾತು ಅರ್ಧ ನಿಜ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಸಮ ಬೆರೆಸಿದರೆ ಮೈನಸ್ 35 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಆ ಗುಣ ನಮಗೆ ದಂಡ. ನಮಗೆ ಬೇಕಾದದ್ದು ಅದು ಬೇಗ ಕುದಿಯದಿರುವುದು, ಒಳಗೆ ತುಕ್ಕು ಹಿಡಿಯಗೊಡದಿರುವುದು. ಬೋರ್ ನೀರಿನ ಸುಣ್ಣವೋ, ಗೀಸರಿನ ಕಾಯಿಲ್ ಮೇಲೆ ಕೂತ ಹಾಗೆ ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಕೂರುತ್ತದೆ. ಅದಕ್ಕೇ ಡಿಸ್ಟಿಲ್ಡ್ ವಾಟರ್.

ಈ ಇಡೀ ಏರ್ಪಾಟಿನಲ್ಲಿ ನನ್ನನ್ನು ಮರುಳು ಮಾಡಿದ್ದು ಥರ್ಮೋಸ್ಟ್ಯಾಟ್. ಅದರ ಹೊಟ್ಟೆಯಲ್ಲಿರುವುದು ಬರೀ ಮೇಣ. ಎಂಜಿನ್ ತಣ್ಣಗಿರುವವರೆಗೆ ಬಾಗಿಲು ಮುಚ್ಚಿಕೊಂಡು, ಕೂಲೆಂಟನ್ನು ಎಂಜಿನ್ ಬಳಿಯೇ ಸುತ್ತಿಸುತ್ತಿರುತ್ತದೆ. 85 ಡಿಗ್ರಿಯ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗುತ್ತದೆ, ಬಾಗಿಲು ತೆರೆಯುತ್ತದೆ. ವೈರಿಲ್ಲ, ಕಂಪ್ಯೂಟರಿಲ್ಲ! ಅಷ್ಟು ಹೊತ್ತು ತಣ್ಣಗಿದ್ದ ರೇಡಿಯೇಟರ್ ಪೈಪು ಆಗ ಬಿಸಿಯಾಗತೊಡಗುತ್ತದೆ. ಫ್ಯಾನಿನಿಂದ ಕೈ ದೂರವಿಟ್ಟು ಅದನ್ನು ಮುಟ್ಟಿ ನೋಡುವ ಸುಖವೇ ಬೇರೆ. ಆಗುಂಬೆಯ ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಉಷ್ಣತೆ ತೋರಿಸುವ ಮುಳ್ಳು ನಡುವಿನಿಂದ ಅಲುಗದಿರುವುದು ಈ ಮೇಣದ ತುಣುಕು, ಫ್ಯಾನು, ಪಂಪು ಎಲ್ಲ ಸೇರಿ ಮಾಡುವ ಕೆಲಸ.

ಬಣ್ಣದ ವಿಷಯದಲ್ಲಿ ಮಾತ್ರ ಗ್ಯಾರೇಜಿನವರನ್ನು ನಾನು ನಂಬುವುದಿಲ್ಲ. "ಎಲ್ಲಾ ಒಂದೇ ಸಾರ್" ಎನ್ನುತ್ತಾರೆ. ಹಸಿರು, ಗುಲಾಬಿ, ನೀಲಿ ಬರೀ ಬಣ್ಣ. ಒಳಗಿನ ರಾಸಾಯನಿಕ ಬೇರೆಯಿರಬಹುದು, ಒಂದಕ್ಕೊಂದು ಒಗ್ಗದಿದ್ದರೆ ಗಸಿ ಕಟ್ಟಬಹುದು. ಕಾರಿನ ಕೈಪಿಡಿ ಹೇಳಿದ್ದೇ ನನಗೆ ವೇದ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯುವ ಶೂರರಿಗೆ ದೂರದಿಂದಲೇ ನಮಸ್ಕಾರ: ಒತ್ತಡ ಬಿಟ್ಟ ಕೂಡಲೇ ಕೂಲೆಂಟು ಕುದಿದು ಮುಖಕ್ಕೇ ಚಿಮ್ಮುತ್ತದೆ.

ಹಳೆಯದನ್ನು ಬಸಿಯುವಾಗ ಬೀದಿನಾಯಿಗಳನ್ನು ಅಟ್ಟಬೇಕು. ಅದು ಸಿಹಿ, ಆದರೆ ಪಕ್ಕಾ ವಿಷ. ಹೊಸದನ್ನು ನಿಧಾನವಾಗಿ ಸುರಿದು, ಹೀಟರ್ ಪೂರ್ತಿ ತಿರುಗಿಸಿ, ಎಂಜಿನ್ ಓಡಲು ಬಿಟ್ಟರೆ ಒಳಗಿನ ಗಾಳಿ ಗುಳುಗುಳು ಎಂದು ಹೊರಬೀಳುತ್ತದೆ. ಉಳಿದ ಗಾಳಿ ಹೋಗುತ್ತಿದ್ದಂತೆ ಮಟ್ಟ ಒಂದೆರಡು ದಿನ ಇಳಿಯುವುದುಂಟು. ಮತ್ತೆ ಬಾನೆಟ್ ಎತ್ತಲು ಇದಕ್ಕಿಂತ ಒಳ್ಳೆ ನೆಪ ಬೇಕೆ?