ನಾದಯಂತ್ರಕ್ಕೆ ವಿದ್ಯುತ್ತಿನ ನೆಲೆಗಟ್ಟು

ಮನೆ ಕಟ್ಟುವವರು ಬಾಗಿಲ ಕೆತ್ತನೆಯ ವಿಷಯದಲ್ಲಿ ಎಷ್ಟು ಆಸ್ಥೆ ವಹಿಸುತ್ತಾರೋ ತಳಪಾಯದ ವಿಷಯದಲ್ಲಿ ಅಷ್ಟು ವಹಿಸುವುದಿಲ್ಲ. ಕಣ್ಣಿಗೆ ಕಾಣುವುದಕ್ಕೆ ಹಣ ತೆರುವುದು ಸುಲಭ; ಕಾಣದ್ದಕ್ಕೆ ತೆರುವುದು ಕಷ್ಟ. ಸಂಗೀತದ ಉಪಕರಣಗಳಿಗೂ ಈ ಮಾತು ಸಲ್ಲುತ್ತದೆ. ಕಳೆದ ಒಂದು ವರ್ಷದಲ್ಲಿ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ನಮ್ಮ ಮನೆಯಲ್ಲಿ ನಡೆದ ಒಂದು ಕೆಲಸ ಇದನ್ನು ನಮಗೆ ಚೆನ್ನಾಗಿ ತಿಳಿಸಿಕೊಟ್ಟಿತು. ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ, ಹಾರ್ಮೋನಿಯಂ, ಧ್ವನಿವರ್ಧಕಗಳನ್ನು ಇರಿಸಿಕೊಂಡು ವಚನಗಾಯನ ನಡೆಸುವ ಕುಟುಂಬಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ತಾಯಿಯವರಿಗೆ ಈಗ 84 ವರ್ಷ. ಪ್ರತಿದಿನ ಪೂಜೆಯ ತರುವಾಯ ಎರಡು ಮೂರು ವಚನಗಳನ್ನು ಹಾಡುವುದು ಅವರ ಪದ್ಧತಿ. ಆ ಧಾಟಿಗಳು ಅವರ ತವರಿನಿಂದ ಬಂದವು. ಯಾವ ಪುಸ್ತಕದಲ್ಲಿಯೂ ಸ್ವರಲಿಪಿಯಾಗಿ ಬರೆದಿಟ್ಟಿಲ್ಲ. ಅವರ ಧ್ವನಿ ಇರುವಾಗಲೇ ಅದನ್ನು ಶುದ್ಧವಾಗಿ ಧ್ವನಿಮುದ್ರಿಸಿಕೊಳ್ಳಬೇಕೆಂಬುದು ಮನೆಯವರೆಲ್ಲರ ಅಪೇಕ್ಷೆ. ಅದೇ ಕಾಲಕ್ಕೆ ನಮ್ಮ ಕಿರಿಯ ಮಗ ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ ಮಾಡ್ಯುಲರ್ ಸಿಂಥಸೈಜರ್ ಎಂಬ ವಾದ್ಯವನ್ನು ಬಿಡಿಬಿಡಿಯಾಗಿ ಕೂಡಿಸತೊಡಗಿದ್ದನು. ಅಜ್ಜಿಯ ಹಾಡಿಗೆ ಅದರಿಂದಲೇ ಶ್ರುತಿ ಹಿಡಿಯಬೇಕೆಂಬುದು ಅವನ ಆಸೆ.

ಈ ವಾದ್ಯದ ಪರಿಚಯವನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ನಾದ ಹುಟ್ಟಿಸುವ ಭಾಗ, ನಾದವನ್ನು ಶೋಧಿಸುವ ಭಾಗ, ಅದನ್ನು ಏರಿಸಿ ಇಳಿಸುವ ಭಾಗ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಬಿಲ್ಲೆ. ಇವನ್ನು ಮಾಡ್ಯೂಲ್ ಎನ್ನುತ್ತಾರೆ. ಇವೆಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ತಂತಿಗಳಿಂದ ಬೇಕಾದಂತೆ ಜೋಡಿಸಿಕೊಳ್ಳಬೇಕು. 1964ರ ಸುಮಾರಿಗೆ ಅಮೆರಿಕದ ರಾಬರ್ಟ್ ಮೂಗ್ ಅವರು ಇಂಥ ವಾದ್ಯವನ್ನು ರೂಪಿಸಿದರು. ನಮ್ಮ ದೇಶಕ್ಕೂ ಇದು ತೀರ ಹೊಸದಲ್ಲ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ವಾದ್ಯವೊಂದು ನೆಲೆಗೊಂಡಿತು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ನಮ್ಮ ಬೆಂಗಳೂರಿನಲ್ಲಿ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ವಿದ್ಯುತ್ತಿನಿಂದ ಶ್ರುತಿ ಹಿಡಿಯುವುದು ಇಂದು ಭಜನೆಯ ಮನೆಗಳಿಗೆ ಸಾಮಾನ್ಯ ಸಂಗತಿಯಾಗಿದೆ. ಮಗ ಕೂಡಿಸುತ್ತಿದ್ದುದು 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಅವರು ಬಳಕೆಗೆ ತಂದ ಯೂರೋರ್ಯಾಕ್ ಎಂಬ ಅಳತೆಯ ವಾದ್ಯ.

ಈ ಅಳತೆಯ ಬಿಲ್ಲೆಗಳಿಗೆ ಎರಡು ಬಗೆಯ ನೇರ ವಿದ್ಯುತ್ ಬೇಕು: ಶೂನ್ಯಕ್ಕಿಂತ 12 ವೋಲ್ಟ್ ಮೇಲೆ ಒಂದು, 12 ವೋಲ್ಟ್ ಕೆಳಗೆ ಇನ್ನೊಂದು. ಕೆಲವು ಬಿಲ್ಲೆಗಳು 5 ವೋಲ್ಟನ್ನೂ ಕೇಳುತ್ತವೆ. ಗೋಡೆಯ ಸಾಕೆಟ್ಟಿನಲ್ಲಿರುವುದಾದರೋ 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತಿರುವ ವಿದ್ಯುತ್ತು. ಅದನ್ನು ಇಳಿಸಿ, ನೇರಗೊಳಿಸಿ, ಸಮಗೊಳಿಸಿ ಕೊಡುವುದೇ ಪವರ್ ಸಪ್ಲೈಯ ಕೆಲಸ. ಮಗನಿಗೆ ಇದಕ್ಕೆ ಹೆಚ್ಚು ಹಣ ತೊಡಗಿಸಲು ಮನಸ್ಸಿರಲಿಲ್ಲ. ಆ ಹಣಕ್ಕೆ ಇನ್ನೊಂದು ಬಿಲ್ಲೆ ಬರುತ್ತದೆಂಬುದು ಅವನ ವಾದ. ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡ ನಮ್ಮ ತಾಯಿಯವರು, "ಕೊಡ ಎಷ್ಟು ಚೆಂದ ಇದ್ರೇನಪ್ಪ, ಹಗ್ಗ ಗಟ್ಟಿ ಇಲ್ಲದಿದ್ರೆ ಬಾವಿ ಪಾಲೇ" ಎಂದರು. ಅಲ್ಲಿಗೆ ಚರ್ಚೆ ಮುಗಿದು ಲೆಕ್ಕ ಪ್ರಾರಂಭವಾಯಿತು.

ಮೊದಲನೆಯದು ವಿದ್ಯುತ್ ಪ್ರಮಾಣದ ಲೆಕ್ಕ. ಪ್ರತಿಯೊಂದು ಬಿಲ್ಲೆ ಎಷ್ಟು ಮಿಲಿಆಂಪಿಯರ್ ಬಳಸುತ್ತದೆಂಬುದನ್ನು ತಯಾರಕರು ಬರೆದಿರುತ್ತಾರೆ. ಮೇಲಿನ 12 ವೋಲ್ಟಿಗೂ ಕೆಳಗಿನ 12 ವೋಲ್ಟಿಗೂ ಬೇರೆಬೇರೆಯಾಗಿ ಕೂಡಿಸಿದಾಗ ನಮಗೆ ಬಂದ ಮೊತ್ತ ಒಂದಕ್ಕೆ 320, ಇನ್ನೊಂದಕ್ಕೆ 240 ಮಿಲಿಆಂಪಿಯರ್. ಎತ್ತಿನಗಾಡಿಗೆ ಅದು ತಡೆಯುವಷ್ಟೂ ಹೇರಬಾರದೆಂಬಂತೆ, ಸಪ್ಲೈಯ ಪೂರ್ಣ ಸಾಮರ್ಥ್ಯವನ್ನು ಎಂದೂ ಬಳಸಬಾರದು. ಸ್ವಿಚ್ಚು ಹಾಕಿದ ಕ್ಷಣದಲ್ಲಿ ಬಿಲ್ಲೆಗಳು ವಾಡಿಕೆಗಿಂತ ಹೆಚ್ಚು ಎಳೆಯುತ್ತವೆ. ಮುಂದೆ ಇನ್ನಷ್ಟು ಬಿಲ್ಲೆಗಳು ಸೇರುವುದೂ ಉಂಟು. ಆದುದರಿಂದ ಎರಡು ಕಡೆಗೂ ಒಂದೊಂದು ಆಂಪಿಯರ್ ಕೊಡುವ ಸಪ್ಲೈ ಬೇಕೆಂದು ನಿಶ್ಚಯಿಸಿದೆವು.

ಎರಡನೆಯದು ಬಗೆಯ ಆಯ್ಕೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಜನ ಎಸ್.ಪಿ. ರೋಡ್ ಎನ್ನುವ ಬೀದಿಯಲ್ಲಿ ವಿಚಾರಿಸಿದಾಗ ಅಂಗಡಿಯವರೊಬ್ಬರು 12 ವೋಲ್ಟಿಗೆ 12-0-12 ಟ್ರಾನ್ಸ್‌ಫಾರ್ಮರ್ ಸಾಕೆಂದರು. ಕೇಳಲು ಸರಿಯೆನಿಸುತ್ತದೆ, ಲೆಕ್ಕ ಮಾಡಿದರೆ ಸರಿಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರಿನ 12 ವೋಲ್ಟ್ ನೇರಗೊಂಡು ಕೆಪಾಸಿಟರಿನಲ್ಲಿ ತುಂಬಿದಾಗ ಅದರ ಶಿಖರ ಸುಮಾರು 17 ವೋಲ್ಟ್. ಡಯೋಡಿನಲ್ಲಿ ಮುಕ್ಕಾಲು ವೋಲ್ಟಿನಷ್ಟು ಕಳೆಯುತ್ತದೆ. 4700 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ ಅರ್ಧ ಆಂಪಿಯರ್ ಎಳೆದರೆ ಇನ್ನೊಂದು ವೋಲ್ಟಿನಷ್ಟು ಏರಿಳಿತ. ಉಳಿಯುವುದು ಸುಮಾರು 15 ವೋಲ್ಟ್. 7812 ಎಂಬ ರೆಗ್ಯುಲೇಟರಿಗೆ 12 ವೋಲ್ಟನ್ನು ಸ್ಥಿರವಾಗಿ ಕೊಡಲು ಕನಿಷ್ಠ 14 ಅಥವಾ ಹದಿನಾಲ್ಕೂವರೆ ವೋಲ್ಟ್ ಒಳಬರಬೇಕು. ಸರಬರಾಜು 230 ಇರುವವರೆಗೆ ಇದು ಹೇಗೋ ನಡೆದೀತು. ಆದರೆ ಸಂಜೆ ತೋಟಗಳ ಪಂಪ್‌ಸೆಟ್ಟುಗಳು ಹೊರಟಾಗ ನಮ್ಮ ಮನೆಯ ಮೀಟರಿನಲ್ಲಿ 180 ವೋಲ್ಟ್ ಕಂಡದ್ದುಂಟು. 200ಕ್ಕೆ ಇಳಿದರೆ ಸಾಕು, ಒಳಬರುವುದು 13 ವೋಲ್ಟ್ ಮಾತ್ರ, ರೆಗ್ಯುಲೇಟರು ಕೈಬಿಡುತ್ತದೆ, ಸೆಕೆಂಡಿಗೆ 100 ಕಂಪನದ ಗುಂಯ್ ಸದ್ದು ನಾದದೊಳಕ್ಕೆ ಇಳಿಯುತ್ತದೆ.

ಈ ಗುಂಯ್ ಸದ್ದು ಬರಿಯ ಕಿರಿಕಿರಿಯಲ್ಲ, ಅದೂ ಒಂದು ಸ್ವರವೇ. ನಮ್ಮ ತಾಯಿಯವರ ಶ್ರುತಿ ಹಾರ್ಮೋನಿಯಮ್ಮಿನ ಐದನೆಯ ಮನೆ. ಅದರ ಷಡ್ಜಕ್ಕೆ ಸೆಕೆಂಡಿಗೆ 196 ಕಂಪನ. ಗುಂಯ್ ಸದ್ದಿನ ಇಮ್ಮಡಿ ಸ್ವರಕ್ಕೆ 200 ಕಂಪನ. ಇವೆರಡೂ ಕೂಡಿದರೆ ಸೆಕೆಂಡಿಗೆ ನಾಲ್ಕು ಬಾರಿ ಅಲೆಯೆದ್ದು ಷಡ್ಜವೇ ನಡುಗಿದಂತಾಗುತ್ತದೆ. ಹಾಡುವವರ ಮನಸ್ಸು ಅರಿವಿಲ್ಲದೆಯೇ ಆ ಕಡೆಗೆ ಜಗ್ಗುತ್ತದೆ. ಭಜನೆಯ ಮನೆಗಳಲ್ಲಿ "ಇಂದೇಕೋ ಶ್ರುತಿ ಸೇರುತ್ತಿಲ್ಲ" ಎನ್ನುವವರು ಗಂಟಲನ್ನು ದೂರುವ ಮೊದಲು ಒಮ್ಮೆ ಎಲಿಮಿನೇಟರನ್ನೂ ಪರೀಕ್ಷಿಸುವುದು ಒಳ್ಳೆಯದು.

ಹಾಗಾದರೆ 15-0-15 ಟ್ರಾನ್ಸ್‌ಫಾರ್ಮರ್ ಆಗಬಹುದೆ? ಅದು 180 ವೋಲ್ಟಿನವರೆಗೆ ತಡೆದುಕೊಳ್ಳುತ್ತದೆ. ಅದರಿಂದ ಬರುವ ವಿದ್ಯುತ್ತು ಬಹು ಶಾಂತವಾದುದು. ಆದರೆ ಹೆಚ್ಚಿನ ವೋಲ್ಟೇಜೆಲ್ಲ ಶಾಖವಾಗಿ ಹೋಗಬೇಕು; ಅರ್ಧ ಆಂಪಿಯರಿಗೆ ಒಂದೊಂದು ರೆಗ್ಯುಲೇಟರಿನಲ್ಲಿಯೂ ಸುಮಾರು ನಾಲ್ಕು ವ್ಯಾಟ್. ದಪ್ಪ ಅಲ್ಯೂಮಿನಿಯಂ ಹೀಟ್ ಸಿಂಕ್ ಬೇಕೇ ಬೇಕು. ಕೆಳಗಿನ ವೋಲ್ಟೇಜಿನ 7912ರ ಕಾಲುಗಳ ಕ್ರಮ 7812ರಂತಿಲ್ಲ. ಅದರ ಬೆನ್ನಿನ ಲೋಹದಲ್ಲಿಯೂ ವಿದ್ಯುತ್ತಿರುತ್ತದೆಯಾದ್ದರಿಂದ ನಡುವೆ ಅಭ್ರಕದ ಹಾಳೆ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ದಾರಿಯಲ್ಲಿ 230 ವೋಲ್ಟು ಮರದ ಪೆಟ್ಟಿಗೆಯೊಳಕ್ಕೇ ಬರುತ್ತದೆ. ಆ ಪೆಟ್ಟಿಗೆಯನ್ನು ದಿನವೂ ಬಿಚ್ಚಿ ಜೋಡಿಸುವವನು ಇನ್ನೂ ಕಲಿಯುತ್ತಿರುವ ಹುಡುಗ. ಅದರ ಪಕ್ಕದಲ್ಲಿ ಕುಳಿತು ಹಾಡುವವರು 84 ವರ್ಷದ ಹಿರಿಯರು. ಈ ಒಂದು ಕಾರಣಕ್ಕಾಗಿ ನಾವು ಅದನ್ನು ಒಪ್ಪಲಿಲ್ಲ.

ನಾವು ಆರಿಸಿದ್ದು ಮೂರನೆಯ ದಾರಿ. ಬಿಐಎಸ್ ಗುರುತಿನ, ಮೂರು ಪಿನ್ನಿನ, ಮುಚ್ಚಿದ ಅಡಾಪ್ಟರ್ ಹೊರಗಿರುತ್ತದೆ. ಅದು 100ರಿಂದ 240 ವೋಲ್ಟಿನವರೆಗೆ ಏನೇ ಬಂದರೂ 15 ವೋಲ್ಟನ್ನೇ ಕೊಡುತ್ತದೆ. ಪೆಟ್ಟಿಗೆಯೊಳಗಿನ ಸಿದ್ಧ ಹಲಗೆ ಆ 15 ವೋಲ್ಟಿನಿಂದ ಮೇಲಿನ ಮತ್ತು ಕೆಳಗಿನ 12 ವೋಲ್ಟುಗಳನ್ನು ಮಾಡಿಕೊಳ್ಳುತ್ತದೆ. ಎರಡು ಕಡೆಗೂ ಒಂದೊಂದು ಆಂಪಿಯರ್ ಎಂದರೆ 24 ವ್ಯಾಟ್, ಪರಿವರ್ತನೆಯಲ್ಲಿ ನಷ್ಟವಾಗುವುದನ್ನು ಸೇರಿಸಿದರೆ 28. ಆದ್ದರಿಂದ 3 ಆಂಪಿಯರಿನ, ಅಂದರೆ 45 ವ್ಯಾಟಿನ ಅಡಾಪ್ಟರ್. ಈ ಬಗೆಯದು ಕಿವಿಗೆ ಕೇಳಿಸದಷ್ಟು ಎತ್ತರದ ವೇಗದಲ್ಲಿ ವಿದ್ಯುತ್ತನ್ನು ಕಡಿದು ಕಡಿದು ಕೊಡುತ್ತದೆ. ಅಗ್ಗದ ಹಲಗೆಯಾದರೆ ಆ ಕಡಿತದ ಸಿಳ್ಳು ನಾದಕ್ಕೆ ಹತ್ತುತ್ತದೆ. ಶೋಧಕ ಸರಿಯಾಗಿರುವ ಹಲಗೆಗೆ ತುಸು ಹೆಚ್ಚು ಬೆಲೆಯಾದರೂ ಕೊಡಲೇಬೇಕು.

ಮೂರನೆಯ ಸಂಗತಿ ಅರ್ತಿಂಗ್. ಇದನ್ನು ಪ್ರತಿಯೊಬ್ಬ ಗೃಹಸ್ಥರೂ ಗಮನಿಸಬೇಕೆಂದು ವಿನಂತಿಸುತ್ತೇವೆ. ಸಪ್ಲೈ ಜೋಡಿಸುವ ಮೊದಲು ಬಂದ ಎಲೆಕ್ಟ್ರಿಷಿಯನ್ ನಮ್ಮ ಧ್ವನಿವರ್ಧಕದ ಲೋಹದ ಮೈಗೆ ಟೆಸ್ಟರ್ ಮುಟ್ಟಿಸಿದಾಗ ದೀಪ ಬೆಳಗಿತು. ಸಾಕೆಟ್ಟಿನಲ್ಲಿ ಮೂರನೆಯ ತೂತಿತ್ತು. ಅದರ ಹಿಂದೆ ತಂತಿಯೇ ಇರಲಿಲ್ಲ. ಮನೆ ಕಟ್ಟಿದಾಗಿನ ಅರ್ತ್ ಗುಂಡಿಯೂ ಒಣಗಿ ಹೋಗಿತ್ತು. ಅದೇ ಧ್ವನಿವರ್ಧಕದ ಮೈಕನ್ನು ಹಿಡಿದು ನಮ್ಮ ತಾಯಿಯವರು ಸ್ನಾನ ಮುಗಿಸಿದ ಒದ್ದೆಗಾಲಿನಲ್ಲಿ ಎಷ್ಟೋ ಬೆಳಗು ಹಾಡಿದ್ದರು. ಆ ದಿನ ನಮಗೆ ಊಟ ಸೇರಲಿಲ್ಲ. ಮರುದಿನವೇ ಹೊಸ ಗುಂಡಿ ತೋಡಿಸಿ, ಜಿಐ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿ, ಸಾಕೆಟ್ಟುಗಳಿಗೆ ಹಸಿರು ತಂತಿ ಎಳೆಸಿದೆವು. 30 ಮಿಲಿಆಂಪಿಯರ್ ಸೋರಿದರೂ ಕಡಿದುಕೊಳ್ಳುವ ಸ್ವಿಚ್ಚನ್ನು ಬೋರ್ಡಿನಲ್ಲಿ ಹಾಕಿಸಿದೆವು. ಬೇಸಗೆಯಲ್ಲಿ ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕುವುದು ಈಗ ಮಗನ ಕೆಲಸ. ಗುಂಯ್ ಸದ್ದು ನಿಲ್ಲಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದು ಹಾಕುವವರಿದ್ದಾರೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ. ಧ್ವನಿವರ್ಧಕವನ್ನೂ ವಾದ್ಯವನ್ನೂ ಒಂದೇ ಬೋರ್ಡಿನಿಂದ ನಡೆಸಿದರೆ ಆ ಸದ್ದು ಬಹುಮಟ್ಟಿಗೆ ತಾನೇ ಅಡಗುತ್ತದೆ.

ಕೊನೆಯದು ಪೆಟ್ಟಿಗೆಯೊಳಗಿನ ತಂತಿಯ ಕೆಲಸ. ಈ ವಾದ್ಯದಲ್ಲಿ ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರುತ್ತದೆ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನ. ಹಾಗಾಗಿ ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟ್. ಶೂನ್ಯದ ತಂತಿ ತೆಳುವಾಗಿದ್ದು ಅದರ ತಡೆ ಒಂದು ಓಮಿನ ಹತ್ತನೆಯ ಒಂದು ಭಾಗವಿದ್ದರೆ, 100 ಮಿಲಿಆಂಪಿಯರ್ ಹರಿದಾಗ 10 ಮಿಲಿವೋಲ್ಟ್ ವ್ಯತ್ಯಾಸವಾಗುತ್ತದೆ. ಇದು ನಮ್ಮ ಶಾಸ್ತ್ರದ ಪ್ರಮಾಣ ಶ್ರುತಿಯ ಅರ್ಧಕ್ಕಿಂತ ಹೆಚ್ಚು! ಪಕ್ಕದ ಬಿಲ್ಲೆಯಲ್ಲಿ ದೀಪ ಮಿನುಗಿದರೆ ಇತ್ತ ಷಡ್ಜ ಅಲುಗುವುದು ಇದರಿಂದಲೇ. ಆದುದರಿಂದ ತಂತಿ ದಪ್ಪವಾಗಿರಬೇಕು, ಗಿಡ್ಡವಾಗಿರಬೇಕು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋಗದೆ ಎಲ್ಲವೂ ಸಪ್ಲೈಯಿರುವ ಒಂದೇ ಬಿಂದುವಿನಿಂದ ಕವಲೊಡೆಯಬೇಕು. ಬಿಲ್ಲೆಗೆ ಹೋಗುವ ಪಟ್ಟಿ ತಂತಿಯ ಕೆಂಪು ಅಂಚು ಕೆಳಗಿನ 12 ವೋಲ್ಟಿನ ಕಡೆಗಿರಬೇಕು. ಕೆಂಪೆಂದರೆ ಮೇಲಿನ ವೋಲ್ಟೇಜೆಂದು ತಿಳಿದು ತಿರುಗಿಸಿ ಚುಚ್ಚಿದರೆ ಬಿಲ್ಲೆ ಸುಟ್ಟುಹೋಗಬಹುದು. ಯಾವ ಬಿಲ್ಲೆಯನ್ನೂ ಸೇರಿಸದೆ ಮೊದಲು ಮಲ್ಟಿಮೀಟರಿನಿಂದ ಎರಡು ವೋಲ್ಟೇಜುಗಳನ್ನೂ ಅಳೆದು, ಆ ಮೇಲೆ ಸ್ವಿಚ್ಚು ಆರಿಸಿ, ಒಂದೊಂದಾಗಿಯೇ ಸೇರಿಸಿದೆವು.

ಹೋದ ಕಾರ್ತಿಕ ಮಾಸದಲ್ಲಿ ಧ್ವನಿಮುದ್ರಣ ನಡೆಯಿತು. ಹೊರಗೆ ಪಂಪ್‌ಸೆಟ್ಟುಗಳು ಓಡುತ್ತಿದ್ದುವು. ಮೀಟರಿನಲ್ಲಿ 184 ಇತ್ತು. ಶ್ರುತಿ ಅಲುಗಲಿಲ್ಲ. ನಮ್ಮ ತಾಯಿಯವರು ಹನ್ನೊಂದು ವಚನಗಳನ್ನು ಹಾಡಿದರು. ಅವುಗಳಲ್ಲಿ ನಾಲ್ಕರ ಧಾಟಿಯನ್ನು ನಾವೂ ಮೊದಲ ಬಾರಿಗೆ ಕೇಳಿದೆವು. ಇಷ್ಟು ದಿನ ಏಕೆ ಹಾಡಲಿಲ್ಲವೆಂದು ಮೊಮ್ಮಗ ಕೇಳಿದ್ದಕ್ಕೆ, "ಅವು ಮೆಲ್ಲಗೆ ಹಾಡೋವು ಕಣಪ್ಪ. ಆ ಗುಂಯ್ ಅನ್ನೋದರ ಮೇಲೆ ಹಾಡಬೇಕಾದ್ರೆ ಕೂಗಬೇಕಿತ್ತು" ಎಂದರು.

ಈಗ ವಾರಕ್ಕೆ ಒಂದರಂತೆ ಆ ನಾಲ್ಕನ್ನು ಮನೆಯ ಮಕ್ಕಳು ಕಲಿಯುತ್ತಿದ್ದಾರೆ. ಎರಡು ಬಂದಿವೆ, ಮೂರನೆಯದರ ಎರಡನೆಯ ಸಾಲು ಇನ್ನೂ ಕೂರಬೇಕಾಗಿದೆ.