ನಮ್ಮ ಕಡೆಯವರಿಗೊಂದು ವೋಟು

ದೆಹಲಿಯಲ್ಲಿ ದಾರಿ ಕೇಳಿದರೆ ಗೊತ್ತಿಲ್ಲ ಎನ್ನುವವರು ಅಪರೂಪ. ನೋಯ್ಡಾದ ಕೆಲಸಕ್ಕೆಂದು ಬಂದ ಹೊಸತರಲ್ಲಿ, ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘ ಎಲ್ಲಿ ಎಂದು ಮೂವರನ್ನು ಕೇಳಿ ಮೂರು ದಿಕ್ಕಿಗೆ ಹೋಗಿ ಬಂದವನು ನಾನು. ಮೂವರೂ ‘ಬಸ್, ಸೀಧಾ’ ಅಂದಿದ್ದರು. ಅವರ ಮಾತು ಕೇಳಿ ನಿಜಕ್ಕೂ ತಲುಪಿದವರೆಷ್ಟು ಎಂಬ ಲೆಕ್ಕ ಹಣೆಯ ಮೇಲೆ ಬರೆದಿದ್ದರೆ ನನ್ನ ಚಪ್ಪಲಿ ಇನ್ನಷ್ಟು ದಿನ ಬಾಳುತ್ತಿತ್ತು.

ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ 2008ರಿಂದಲೂ ಆ ಲೆಕ್ಕ ಇಡುತ್ತಾರೆ. ಉತ್ತರ ಉಪಯೋಗಕ್ಕೆ ಬಂದರೆ ಮೇಲ್ಬಾಣ ಒತ್ತಬೇಕು. ಬರೆದವರಿಗೆ 10 ಅಂಕ. ಬಾರದಿದ್ದರೆ ಕೆಳಬಾಣ; ಅವರಿಗೆ 2 ಅಂಕ ನಷ್ಟ, ಒತ್ತಿದವರಿಗೂ 1 ಅಂಕ ಖೋತಾ. ಬೈಯುವುದಕ್ಕೂ ಕೈಯಿಂದ ಕಾಸು ಹಾಕಬೇಕೆಂಬ ಈ ಕಾನೂನನ್ನು ರಿಂಗ್ ರೋಡಿನ ಹಾರನ್ನುಗಳಿಗೂ ತರಬೇಕು.

ಒಂದು ಜನವರಿ ರಾತ್ರಿ ರಜಾಯಿ ಹೊದ್ದು, ಹಟ ಹಿಡಿದ ಕೋಡಿನ ಮುಂದೆ ಕೂತಿದ್ದಾಗ ಅಲ್ಲೊಂದು ಉತ್ತರ ಸಿಕ್ಕಿತು. ಬರೆದವರ ಅಡ್ಡಹೆಸರು ನಮ್ಮ ಕಡೆಯದು. ಕೋಡ್ ಓಡಿತು, ಕಣ್ಣು ತುಂಬಿತು. ಆದರೆ ನನ್ನಲ್ಲಿದ್ದದ್ದು 1 ಅಂಕ. ಮೇಲ್ಬಾಣ ಒತ್ತಲು ಆಗ 15 ಬೇಕಿತ್ತು. ಥ್ಯಾಂಕ್ಸ್ ಎಂದು ಕಾಮೆಂಟು ಹಾಕೋಣವೆಂದರೆ 50. ಉಪಕಾರಸ್ಮರಣೆಗೂ ಪ್ರವೇಶ ಪರೀಕ್ಷೆ!

ಕೊನೆಗೊಂದು ದಿನ 15 ದಾಟಿದೆ. ಅದೇ ಖುಷಿಯಲ್ಲಿ ಆ ಹೆಸರನ್ನು ಹುಡುಕಿ, ಅವರ ಇಪ್ಪತ್ತು ಉತ್ತರಗಳಿಗೂ ಸಾಲಾಗಿ ಬಾಣ ಒತ್ತುತ್ತಾ ಹೋದೆ. ಒಂದನ್ನೂ ಓದಲಿಲ್ಲ. ಸಂಘದ ಸಭೆಯಲ್ಲಿ ನಮ್ಮೂರಿನವರು ಮೈಕಿನ ಹತ್ತಿರ ಬಂದ ಕೂಡಲೇ, ಇನ್ನೂ ಬಾಯಿ ತೆರೆಯುವ ಮೊದಲೇ, ತಟ್ಟುತ್ತೇವಲ್ಲ, ಆ ಜಾತಿಯ ಚಪ್ಪಾಳೆ ಅದು.

ಮಾರನೆಯ ದಿನ ನೋಡಿದರೆ ಎಲ್ಲವೂ ಮಾಯ. ಒಬ್ಬರಿಗೇ ಸಾಲುಸಾಲಾಗಿ ಬೀಳುವ ವೋಟುಗಳನ್ನು ತಾಣದ ಯಂತ್ರ ಪತ್ತೆ ಹಚ್ಚಿ ರದ್ದು ಮಾಡುತ್ತದೆ. ಊರಿನ ನಂಟು ಅದಕ್ಕೇನು ಗೊತ್ತು ಎಂದು ಸಿಟ್ಟು ಬಂತು. ಚಹಾ ಕುಡಿದ ಮೇಲೆ ಅದು ಮಾಡಿದ್ದೇ ಸರಿ ಎನಿಸಿತು. ಓದದೆ ಒತ್ತಿದ ಆ ಇಪ್ಪತ್ತರಲ್ಲಿ ಒಂದು ತಪ್ಪು ಉತ್ತರ ಮೇಲೇರಿದ್ದರೂ, ಯಾವುದೋ ಹುಡುಗ ಅದನ್ನು ನಂಬಿ ಸೀಧಾ ಹೋಗಿ ಮೆಹ್ರೌಲಿಯಲ್ಲಿ ಇಳಿಯುತ್ತಿದ್ದ.

ಆ ಚಳಿರಾತ್ರಿಯ ಉತ್ತರವೊಂದನ್ನೇ ಮತ್ತೆ ತೆರೆದು, ಪೂರ್ತಿ ಓದಿ, ಮೇಲ್ಬಾಣ ಒತ್ತಿದೆ. ಹತ್ತು ಅಂಕ ಅವರ ಖಾತೆಗೆ ಸೇರಿತು. ಅವರು ಆ ತಾಣದ ಕಡೆ ಬಂದು ಆರು ವರ್ಷವಾಗಿತ್ತು.